ಕೊನೆಯ ಕಪ್ಪು ಕ್ಲಿಪ್

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ವರ್ಕ್‌ಶಾಪಿಗೆ ಹೋದರೆ ಅಲ್ಲಿನ ಮಾತೇ ಬೇರೆ. ಪುಸ್ತಕದ ಧನಾಗ್ರ, ಋಣಾಗ್ರ ಅಲ್ಲಿ ಪ್ಲಸ್, ಮೈನಸ್. ಗಾಡಿಯ ಬಾಡಿಯೇ 'ಅರ್ತ್'. ಮಾತು ಬೇರೆಯಾದರೂ ವಿಷಯ ಒಂದೇ ಎಂದು ತೋರಿಸಲು ಕಳೆದ ಮಳೆಗಾಲದಲ್ಲಿ ಒಂದು ಸಂದರ್ಭ ಬಂತು.

ನಮ್ಮ ಟೀಚರೊಬ್ಬರು ಬೆಳಗ್ಗೆ ಮಳೆಗೆ ಹೆಡ್‌ಲೈಟ್ ಹಾಕಿಕೊಂಡು ಬಂದವರು ಆರಿಸಲು ಮರೆತಿದ್ದರು. ಸಂಜೆ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಮಗುವನ್ನು ಕರೆದೊಯ್ಯಲು ಬಂದ ಹೆತ್ತವರೊಬ್ಬರು ಜೀಪು ತಂದು ಹತ್ತಿರ ನಿಲ್ಲಿಸಿ, ಕೇಬಲ್ ತೆಗೆದರು. ಮಕ್ಕಳೆಲ್ಲ ಬಾನೆಟ್ಟಿನ ಸುತ್ತ! ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಲು ಹೊರಟಾಗ, ದಾರಿಯಲ್ಲಿ ಹೋಗುತ್ತಿದ್ದ ಮಲಯಾಳಿ ಮೆಕ್ಯಾನಿಕ್ ಓಡಿ ಬಂದು ತಡೆದರು. ಮೊದಲು ಮಕ್ಕಳನ್ನು ದೂರ ಕಳಿಸಿದರು.

ಅವರು ಮಾಡಿದ ಕ್ರಮ ಹೀಗೆ. ಎರಡೂ ಗಾಡಿ 12 ವೋಲ್ಟಿನವು ತಾನೇ ಎಂದು ನೋಡಿದರು (ಲಾರಿಯದು ಸಾಮಾನ್ಯವಾಗಿ 24, ಅದು ಆಗದು). ಬ್ಯಾಟರಿ ಒಡೆದಿಲ್ಲ, ಉಬ್ಬಿಲ್ಲ, ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡರು. ಗಾಡಿಗಳು ಒಂದಕ್ಕೊಂದು ತಾಗಬಾರದು. ಎರಡೂ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್. ಕೆಂಪು ಕ್ಲಿಪ್ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು, ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕೊನೆಯ ಕಪ್ಪು ಮಾತ್ರ ಕಾರಿನ ಎಂಜಿನ್ನಿನ ಪೇಂಟಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಜೀಪು ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಟ್ಟರು. ಆಮೇಲೆ ಕಾರು ಸ್ಟಾರ್ಟ್ ಆಯಿತು. ಕೇಬಲ್ ತೆಗೆದದ್ದು ಹಾಕಿದ್ದರ ಹಿಂದುಮುಂದಾಗಿ. 'ಕೂಡಲೇ ಆಫ್ ಮಾಡಬೇಡಿ, ಅರ್ಧ ಗಂಟೆಯಾದರೂ ಓಡಿಸಿ' ಎಂದರು ಟೀಚರಿಗೆ.

ಮರುದಿನ ಏಳನೇ ತರಗತಿಯಲ್ಲಿ ಒಬ್ಬ ಕೇಳಿದ, "ಮಾಷ್ಟ್ರೇ, ಕೊನೆಯದ್ದನ್ನೂ ಬ್ಯಾಟರಿಗೇ ಕೊಟ್ಟರೆ ಏನಾಗ್ತದೆ?"

ನಾನು ಬಿ.ಎ. ಓದಿದವನು, ಆದರೂ ಇದಕ್ಕೆ ಅವರ ಪುಸ್ತಕವೇ ಸಾಕಾಯಿತು. ಬ್ಯಾಟರಿಯ ಒಳಗಿರುವುದು ಸೀಸದ ತಗಡು ಮತ್ತು ಗಂಧಕಾಮ್ಲ. ಅದರಿಂದ ಜಲಜನಕ ಅನಿಲ ಹೊರಬರುತ್ತದೆ. ಕೊನೆಯ ಕ್ಲಿಪ್ ತಾಗುವಾಗ ಸರ್ಕ್ಯೂಟ್ ಪೂರ್ಣವಾಗಿ ಕಿಡಿ ಹಾರುವುದುಂಟು. ಆ ಕಿಡಿ ಅನಿಲವಿರುವಲ್ಲಿ ಹಾರಿದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ, ಕಣ್ಣಿಗೆ ಎರಚಬಹುದು. ಬ್ಯಾಟರಿಯ ಮೈನಸ್ ಹೇಗೂ ಎಂಜಿನ್ನಿಗೆ ಜೋಡಿಸಿರುತ್ತದೆ. ಹಾಗಾಗಿ ಕಿಡಿಯನ್ನು ದೂರ ಒಯ್ದರೂ ಕೆಲಸ ಕೆಡುವುದಿಲ್ಲ.

ಜಲಜನಕ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದ ಹುಡುಗರು ಸುಮ್ಮನೆ ಕೇಳಿದರು. ಹಿಂದಿನ ಸಂಜೆ ತಾವು ಎಲ್ಲಿ ನಿಂತಿದ್ದೆವು ಎಂದು ಅವರಿಗೆ ಗೊತ್ತಿತ್ತಲ್ಲ!

ಈಗ ಮಕ್ಕಳೇ ಈ ಕ್ರಮವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಶಾಲಾ ವ್ಯಾನಿನವರಿಗೆ ಕೊಟ್ಟಿದ್ದಾರೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯಾದರೆ ಕಂಪನಿಯ ಪುಸ್ತಕ ನೋಡದೆ ಮುಟ್ಟಬೇಡಿ ಎಂಬ ಸಾಲು ಸೇರಿಸಿದ್ದೇವೆ. ಅಧ್ಯಾಪಕ ಮಿತ್ರರೇ, ನಿಮ್ಮ ಶಾಲೆಯಲ್ಲೂ ಒಂದು ಹಾಳೆ ಬರೆಸಿ ನೋಡಿ.