ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡು

2020ರ ಕೊನೆಯಲ್ಲಿ ಬೆಂಗಳೂರಿನ ಮಾರತ್ತಹಳ್ಳಿಯ ಒಳರಸ್ತೆಗಳಲ್ಲಿ ನಡೆದರೆ ಗೇಟು ಗೇಟಿಗೂ ಟು-ಲೆಟ್ ಬೋರ್ಡು. ಒಂದು ಪಿಜಿಯ ಬೋರ್ಡು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ: ತಂತಿ ತುಕ್ಕು ಹಿಡಿದು, ಮಳೆಗೆ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿತ್ತು. ಕೋವಿಡ್‌ನಿಂದ ಆಫೀಸುಗಳು ಮುಚ್ಚಿ, ಟೆಕ್ಕಿಗಳೆಲ್ಲ ಊರು ಸೇರಿದ್ದರು. ಬಾಡಿಗೆ ನಂಬಿ ಸಾಲ ಮಾಡಿ ಕಟ್ಟಡ ಎಬ್ಬಿಸಿದ್ದವರಿಗೆ ಕಂತು ಮಾತ್ರ ನಿಂತಿರಲಿಲ್ಲ.

ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 4ಕ್ಕೆ ಇಳಿದಿತ್ತು; ಮನೆ ಸಾಲವೂ ಅಗ್ಗವಾಗಿತ್ತು. ಕೈಯಲ್ಲಿ ದುಡ್ಡಿದ್ದವರಿಗೆ, ಸಂಬಳ ಕಡಿತವಾಗದವರಿಗೆ ಅದು ಕೊಳ್ಳುವ ಕಾಲ. ಉಳಿದವರಿಗೆ ಮಾರುವ ಕಾಲ. ಆರ್ಥಿಕತೆ ಚೇತರಿಸಿಕೊಂಡಿತು ಅನ್ನುತ್ತಾರೆ, ಆದರೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಅಲ್ಲ. ಇಂಗ್ಲಿಷಿನ ‘ಕೆ’ ಅಕ್ಷರದ ಹಾಗೆ ಒಂದು ಗೆರೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ.

ಆಮೇಲೆ ಆಫೀಸುಗಳು ತೆರೆದವು, ಬಾಡಿಗೆ ಗಗನಕ್ಕೇರಿತು. ಆದರೆ 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರವೂ ಶೇ. 6.5ಕ್ಕೆ ಏರಿತು. 20 ವರ್ಷಕ್ಕೆಂದು ತೆಗೆದ 50 ಲಕ್ಷದ ಸಾಲಕ್ಕೆ ಬಡ್ಡಿ ಶೇ. 7ರಿಂದ 9.5 ಆದರೆ ತಿಂಗಳ ಕಂತು ಸುಮಾರು 7,800 ರೂಪಾಯಿ ಹೆಚ್ಚುತ್ತದೆ. ಅದು ಒಂದು ಮನೆಯ ತಿಂಗಳ ದಿನಸಿ.

ಇದನ್ನು ಲೆಕ್ಕ ಹಾಕದೆ, ‘ಮನೆ ರೇಟು ಏರುತ್ತಿದೆ, ಈಗಲೇ ತಗೊಳ್ಳಿ ಸಾರ್’ ಎಂಬ ಮಾತಿಗೆ ಅಡ್ವಾನ್ಸ್ ಕೊಡುವುದು ತಪ್ಪು. ಸೈಟು, ಫ್ಲ್ಯಾಟು ನೋಡಲು ಹೋಗುವವರೇ, ಬ್ರೋಷರ್ ಬದಿಗಿಟ್ಟು ಮೊದಲು ಆ ಬೀದಿಯಲ್ಲೊಮ್ಮೆ ನಡೆದು ಬನ್ನಿ. ಟು-ಲೆಟ್ ಬೋರ್ಡು ಎಷ್ಟಿವೆ, ಎಣಿಸಿ.