ಕೆಂಟಕಿಯ ಹೊಳೆಯಲ್ಲಿ ಹೆಬ್ಬೆರಳಿನ ಪಾಠ

ಕೆಂಟಕಿ ಎಂದರೆ ನಮ್ಮ ಮಕ್ಕಳಿಗೆ ಕರಿದ ಕೋಳಿ ನೆನಪಾಗುತ್ತದೆ, ಅಮೆರಿಕದವರಿಗೆ ರೇಸ್ ಕುದುರೆ. ಮಗಳ ಮನೆಯಿರುವ ಲೆಕ್ಸಿಂಗ್ಟನ್ ನಗರದಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಸಾಕು, ಹಸಿರು ಹುಲ್ಲುಗಾವಲು, ಮರದ ಹಲಗೆಯ ಉದ್ದುದ್ದ ಬೇಲಿ, ಅದರಾಚೆ ಮೈ ಮಿರುಗುವ ಕುದುರೆಗಳು. ಈ ಸೀಮೆಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಗಾಳ ಹಾಕುವವರು ಇಂದು ದೇಶದೇಶಗಳಲ್ಲಿ ಬಳಸುವ ಬೈಟ್‌ಕಾಸ್ಟಿಂಗ್ ರೀಲಿನ ತವರೂರು ಇದು. ಇದು ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ, ಹನ್ನೆರಡು ವರ್ಷದ ಮೊಮ್ಮಗನಿಗೆ ಅಂಥ ಒಂದು ರೀಲ್ ಬೇಕೆಂಬ ಹಟ ಹತ್ತಿದಾಗ.

ನಾನು ಕುಂದಾಪುರದ ಕಡೆಯವ. ಚಿಕ್ಕಂದಿನಲ್ಲಿ ನಮ್ಮ ಗಾಳವೆಂದರೆ ಒಂದು ಬಿದಿರಿನ ಕೋಲು, ಒಂದಿಷ್ಟು ದಾರ, ತೇಲಲು ಒಂದು ಬೆಂಡು, ಕೊಕ್ಕೆಗೆ ಸಿಗಡಿಯ ಚೂರು. ಕೋಲು ಎಷ್ಟು ಉದ್ದವೋ ದಾರ ಎಷ್ಟು ಉದ್ದವೋ ಅಷ್ಟೇ ನಮ್ಮ ಹೊಳೆ. ಅದರಾಚೆ ಮೀನು ಎಷ್ಟು ನೆಗೆದರೂ ನೋಡಿ ಬಾಯಿ ಚಪ್ಪರಿಸಬೇಕಿತ್ತು. ಆ ‘ಆಚೆ’ಗೆ ಗಾಳವನ್ನು ತಲುಪಿಸುವುದೇ ರೀಲಿನ ಕೆಲಸ.

ಲೆಕ್ಸಿಂಗ್ಟನ್ನಿನಿಂದ ಈಶಾನ್ಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಪ್ಯಾರಿಸ್ ಎಂಬ ಊರು ಸಿಗುತ್ತದೆ. ಫ್ರಾನ್ಸಿನ ಪ್ಯಾರಿಸ್ ಅಲ್ಲ. ನಮ್ಮ ತಾಲೂಕು ಕೇಂದ್ರದಷ್ಟಿರುವ ಊರು. ಗುಮ್ಮಟವಿರುವ ಕೋರ್ಟು ಕಟ್ಟಡ, ಹಳೆಯ ಇಟ್ಟಿಗೆಯ ಅಂಗಡಿಗಳು, ಹತ್ತಿರದಲ್ಲೇ ಸ್ಟೋನರ್ ಕ್ರೀಕ್ ಎಂಬ ಹೊಳೆ. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಮತ್ತು ಬೆಳ್ಳಿ ಕೆಲಸದವನಿದ್ದ. ಅವನಿಗೆ ಗಾಳದ ಹುಚ್ಚು. ಇಲ್ಲಿನ ಹೊಳೆಗಳಲ್ಲಿ ಬ್ಲ್ಯಾಕ್ ಬಾಸ್ ಎಂಬ ಚುರುಕು ಮೀನು. ಅದಕ್ಕೆ ಸಣ್ಣ ಮೀನನ್ನೇ ಕೊಕ್ಕೆಗೆ ಸಿಕ್ಕಿಸಿ ದೂರಕ್ಕೆ ಎಸೆಯಬೇಕು. ಸ್ನೈಡರ್ ಗಡಿಯಾರದ ಹಲ್ಲುಚಕ್ರಗಳ ಜಾಣ್ಮೆಯನ್ನು ಗಾಳಕ್ಕೆ ತಂದ. ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆ ಹಲವು ಸುತ್ತು ತಿರುಗುವ, ಎಸೆದಾಗ ಗಡಿಯಾರದಷ್ಟೇ ಹಗುರಾಗಿ ಓಡುವ ರೀಲ್ ಮಾಡಿದ. ಅನಂತರ ಫ್ರಾಂಕ್‌ಫರ್ಟ್ ಊರಿನಲ್ಲಿ ಮೀಕ್ ಎಂಬ ಸಹೋದರರು ಅದನ್ನು ಇನ್ನಷ್ಟು ಒಪ್ಪ ಮಾಡಿದರು. ಅವರದೂ ಗಡಿಯಾರದ ಕಸುಬೇ.

ಕುತೂಹಲದ ಸಂಗತಿಯೆಂದರೆ ಈ ಕಥೆಯಲ್ಲಿ ಗಡಿಯಾರ ಮತ್ತೆ ಬರುತ್ತದೆ. 1921ರಲ್ಲಿ ಸ್ವೀಡನ್ ದೇಶದ ಸ್ವಾಂಗ್‌ಸ್ಟಾ ಎಂಬ ಹಳ್ಳಿಯಲ್ಲಿ ಒಂದು ಗಡಿಯಾರ ಕಾರ್ಖಾನೆ ಹುಟ್ಟಿತು. ಮುಂದೆ ಅದೇ ಕಾರ್ಖಾನೆ ರೀಲ್ ತಯಾರಿಗೆ ಇಳಿದು, 1950ರ ದಶಕದಲ್ಲಿ ‘ಅಂಬಾಸಿಡರ್’ ಹೆಸರಿನ ರೀಲಿನಿಂದ ಲೋಕಪ್ರಸಿದ್ಧವಾಯಿತು. ನಮಗೆ ಅಂಬಾಸಿಡರ್ ಎಂದರೆ ಕಾರು, ಗಾಳದವರಿಗೆ ರೀಲು!

ಇಷ್ಟೆಲ್ಲ ಗಡಿಯಾರದವರು ಸೇರಿ ಮಾಡಿದರೂ ಈ ಯಂತ್ರಕ್ಕೊಂದು ತುಂಟತನ ಉಳಿದಿದೆ. ಸಾಮಾನ್ಯವಾಗಿ ಮಕ್ಕಳ ಕೈಗೆ ಕೊಡುವ ಸ್ಪಿನ್ನಿಂಗ್ ರೀಲಿನಲ್ಲಿ ಉರುಳೆ ತಿರುಗುವುದಿಲ್ಲ. ಎಸೆದಾಗ ದಾರ ಸುರುಳಿ ಸುರುಳಿಯಾಗಿ ತಾನೇ ಕಳಚಿಕೊಂಡು ಹೋಗುತ್ತದೆ. ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ಉರುಳೆಯೇ ಗಿರ್ರನೆ ತಿರುಗಿ ದಾರ ಬಿಡಬೇಕು. ಎರೆ ಗಾಳಿಯಲ್ಲಿ ನಿಧಾನವಾದರೂ ಉರುಳೆ ಅದೇ ವೇಗದಲ್ಲಿ ತಿರುಗುತ್ತಿದ್ದರೆ? ಬ್ಯಾಂಕಿನ ನಗದು ಕೌಂಟರಿನಲ್ಲಿ ಗಿರಾಕಿ ಎಣಿಸಿಕೊಳ್ಳುವ ಮೊದಲೇ ಗುಮಾಸ್ತ ನೋಟು ಚೆಲ್ಲುತ್ತ ಹೋದಂತೆ. ದಾರವೆಲ್ಲ ಉರುಳೆಯ ಮೇಲೆ ಉಬ್ಬಿ ಗಂಟುಗಂಟಾಗುತ್ತದೆ. ಇಲ್ಲಿನವರು ಅದನ್ನು ‘ಹಕ್ಕಿ ಗೂಡು’ ಎನ್ನುತ್ತಾರೆ. ಈ ಗೂಡು ಕಟ್ಟದೆ ರೀಲ್ ಕಲಿತವರಿಲ್ಲ.

ಅಂಗಡಿಯ ಗೋಡೆ ತುಂಬ ರೀಲುಗಳು. ಮೊಮ್ಮಗನ ಕಣ್ಣು ಬಣ್ಣದ ಮೇಲೆ, ನನ್ನ ಕಣ್ಣು ಬೆಲೆ ಚೀಟಿಯ ಮೇಲೆ. ಅಂಗಡಿಯ ಹುಡುಗಿ ಎರಡನ್ನೂ ಬದಿಗಿಟ್ಟು, “ಮೊದಲು ಕೈಯಲ್ಲಿ ಹಿಡಿದು ನೋಡಿ” ಎಂದಳು. ನಾವು ನೋಡಿದ್ದು ಇಷ್ಟು. ಮೊದಲನೆಯದು, ಕೋಲಿನ ಸಮೇತ ರೀಲು ಅಂಗೈಯೊಳಗೆ ಕೂರಬೇಕು. ಹಳೆಯ ದುಂಡು ಮಾದರಿ ಗಟ್ಟಿ, ಆದರೆ ಭಾರ. ಚಪ್ಪಟೆ ಮಾದರಿ ಮಣಿಕಟ್ಟಿಗೆ ಹಗುರ. ಎರಡನೆಯದು, ಹಿಡಿಕೆ ಯಾವ ಕಡೆಗಿದೆ ಎಂಬುದು. ಬಲಗೈಯಲ್ಲಿ ಎಸೆಯುವವರು ಎಡಗಡೆ ಹಿಡಿಕೆ ತೆಗೆದುಕೊಂಡರೆ ಎಸೆದ ಮೇಲೆ ಕೈ ಬದಲಿಸಬೇಕಿಲ್ಲ. ಮೂರನೆಯದು ಹಲ್ಲುಚಕ್ರದ ಲೆಕ್ಕ. 6.3ಕ್ಕೆ 1 ಎಂದಿದ್ದರೆ ಹಿಡಿಕೆಯ ಒಂದು ಸುತ್ತಿಗೆ ಉರುಳೆ ಆರು ಚಿಲ್ಲರೆ ಸುತ್ತು ತಿರುಗುತ್ತದೆ; ಕಲಿಯುವವರಿಗೆ ಅದು ಸಾಕು. ನಾಲ್ಕನೆಯದು ಬ್ರೇಕು. ನಾವು ಕೊಂಡದ್ದರಲ್ಲಿ ಅಯಸ್ಕಾಂತದ ಬ್ರೇಕ್ ಇತ್ತು. ಪಕ್ಕದ ಬಿರಡೆಯಲ್ಲಿ ಒಂದರಿಂದ ಹತ್ತರವರೆಗೆ ಅಂಕಿ. ಅಲ್ಯೂಮಿನಿಯಂ ಉರುಳೆಗೆ ಅಯಸ್ಕಾಂತ ಅಂಟುವುದಿಲ್ಲ ಅಲ್ಲವೇ? ಆದರೆ ಅದರೆದುರು ವೇಗವಾಗಿ ತಿರುಗುವಾಗ ಉರುಳೆಯಲ್ಲಿ ಸಣ್ಣ ವಿದ್ಯುತ್ ಸುಳಿಗಳೆದ್ದು ವೇಗವನ್ನು ತಡೆಯುತ್ತವೆ. ಮುಟ್ಟದೆಯೇ ಹಿಡಿಯುವ ಬ್ರೇಕ್!

ಹುಡುಗನಿಗೊಂದು ಕೊಂಡದ್ದಾಯಿತು. “ಅಜ್ಜ, ನಿನಗೂ ಒಂದು ಬೇಕು” ಎಂದ. ನಾನು ಹಿಂದೆಗೆದೆ. ಎರಡು ವರ್ಷದಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತದೆ. 36 ವರ್ಷ ಬ್ಯಾಂಕಿನಲ್ಲಿ ಕುಳಿತು ಊರವರ ಸಹಿಗಳನ್ನು ತಾಳೆ ನೋಡಿದವನು ನಾನು. ಅಮೆರಿಕಕ್ಕೆ ಹೊರಡುವ ಮೊದಲು ನನ್ನದೇ ಚೆಕ್ಕು ‘ಸಹಿ ಹೊಂದುವುದಿಲ್ಲ’ ಎಂಬ ಷರಾದೊಂದಿಗೆ ಮರಳಿತ್ತು. ಆಮೇಲೆ ನಾಲ್ಕು ಜನರೆದುರು ಚಹಾ ಕಪ್ಪು ಎತ್ತುವುದಕ್ಕೂ ನನಗೆ ಸಂಕೋಚ. ಮಗಳಿಗೆ ಇದು ಗೊತ್ತಿತ್ತು. ಅವಳು ಮಾತಾಡದೆ ಎರಡನೆಯ ರೀಲನ್ನೂ ಬುಟ್ಟಿಗೆ ಹಾಕಿದಳು.

ಪಾಠ ಶುರುವಾದದ್ದು ಮನೆಯ ಹಿಂದಿನ ಹುಲ್ಲಿನ ಮೇಲೆ. ಕೊಕ್ಕೆಯ ಬದಲು 14 ಗ್ರಾಂ ತೂಕದ ಪ್ಲಾಸ್ಟಿಕ್ ಗುಂಡು ಕಟ್ಟಿದೆವು. ಹಗುರ ತೂಕ ಉರುಳೆಯನ್ನು ಸಮನಾಗಿ ಎಳೆಯಲಾರದು, ಆದ್ದರಿಂದ ಕಲಿಯುವವರು ತುಸು ಭಾರದ್ದರಿಂದಲೇ ತೊಡಗಬೇಕು. ದಾರವೂ ಒಂದೆಳೆಯ ನೈಲಾನ್ ಇರಲಿ. ಹೆಣೆದ ದಾರ ಗಂಟಾದರೆ ಬಿಡಿಸುವುದು ಕಷ್ಟ. ಉರುಳೆಯ ಅಂಚಿನವರೆಗೂ ಸುತ್ತಬಾರದು, ಒಂದೆರಡು ನೂಲಿನಷ್ಟು ಜಾಗ ಬಿಡಬೇಕು. ಆಮೇಲೆ ಹಿಡಿಕೆಯ ಬದಿಯ ಸಣ್ಣ ಬಿರಡೆ. ಗುಂಡನ್ನು ಕೋಲಿನ ತುದಿಯಿಂದ ತೂಗುಬಿಟ್ಟು ಗುಂಡಿ ಒತ್ತಿದರೆ ಅದು ದಡಕ್ಕನೆ ಬೀಳಬಾರದು, ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದೊಡನೆ ಉರುಳೆ ನಿಲ್ಲಬೇಕು. ಅಷ್ಟಕ್ಕೆ ಬಿಗಿ ಮಾಡಿ, ಅಯಸ್ಕಾಂತವನ್ನು ಹತ್ತಕ್ಕೆ ಇಟ್ಟೆವು.

ಉಳಿದದ್ದು ಹೆಬ್ಬೆರಳಿನ ಕೆಲಸ. ಎಸೆಯುವ ಮೊದಲು ಉರುಳೆಯನ್ನು ಒತ್ತಿ ಹಿಡಿದಿರಬೇಕು. ಎಸೆಯುವಾಗ ಬಿಡಬೇಕು, ಆದರೂ ಪೂರ್ತಿ ಬಿಡಬಾರದು. ದಾರದ ಮೇಲೆ ಬೆರಳು ಸವರುತ್ತಿರಬೇಕು. ಗುಂಡು ನೆಲ ಮುಟ್ಟುವ ಕ್ಷಣಕ್ಕೆ ಮತ್ತೆ ಒತ್ತಬೇಕು. ಹುಡುಗನಿಗೆ ದೂರ ಎಸೆಯುವ ಆತುರ. ಬ್ರೇಕನ್ನು ಮೊದಲ ದಿನವೇ ಮೂರಕ್ಕೆ ಇಳಿಸಿ ಗೂಡಿನ ಮೇಲೆ ಗೂಡು ಕಟ್ಟಿದ. ಸಂಜೆಗೆ ರೀಲನ್ನು ಹುಲ್ಲಿನ ಮೇಲಿಟ್ಟು ಒಳಗೆ ಹೋಗಿಬಿಟ್ಟ.

ನಾನು ಕುಳಿತು ಬಿಡಿಸತೊಡಗಿದೆ. ಅದಕ್ಕೂ ಒಂದು ಕ್ರಮ ಇದೆ: ಉರುಳೆಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ, ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ದಾರವನ್ನು ಮೆಲ್ಲಗೆ ಎಳೆಯುವುದು. ಹೆಚ್ಚಿನ ಗಂಟು ತಾನೇ ಸಡಿಲಾಗುತ್ತದೆ. ಬಿಡಿಸುತ್ತಿದ್ದಾಗಲೇ ನನಗೊಂದು ಹೊಳೆಯಿತು. ಈ ಬೆರಳು ಲಕ್ಷಾಂತರ ನೋಟು ಎಣಿಸಿದ ಬೆರಳು. ಎರಡು ನೋಟು ಅಂಟಿದ್ದರೆ ಕಣ್ಣಿಗಿಂತ ಮೊದಲು ಅದಕ್ಕೇ ತಿಳಿಯುತ್ತಿತ್ತು. ಕೈ ನಡುಗಿದರೂ ಬೆರಳಿನ ಅರಿವು ಹೋಗಿರಲಿಲ್ಲ. ಎಡಗೈಯಿಂದ ಕೋಲಿನ ಬುಡವನ್ನು ಆನಿಸಿ, ಎರಡೂ ಕೈಯಲ್ಲಿ ಎಸೆದೆ. ಹತ್ತು ಮೀಟರ್ ಹೋಯಿತು. ದಾರ ಗಂಟಾಗಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಹುಡುಗ ಹೊರಗೆ ಓಡಿಬಂದ. “ಮಾಣಿ, ಬೆರಳು ಎತ್ತಬೇಡ, ಕೇಳ್ತಾ ಇರ್ಲಿ” ಎಂದೆ. ಅವನಿಗೆ ಅರ್ಥವಾಯಿತು. ಅವನ ಅರ್ಧಂಬರ್ಧ ಕನ್ನಡಕ್ಕೂ ನನ್ನ ಅರ್ಧಂಬರ್ಧ ಇಂಗ್ಲಿಷಿಗೂ ಮೂರು ವಾರ ಆ ರೀಲೇ ದುಭಾಷಿಯಾಯಿತು.

ಕೊನೆಯ ಶನಿವಾರ ಫ್ರಾಂಕ್‌ಫರ್ಟ್ ಬಳಿಯ ಎಲ್ಕ್‌ಹಾರ್ನ್ ಕ್ರೀಕಿಗೆ ಹೋದೆವು. ನನಗೆ ಹೊರಗಿನವರ ಮೀನುಗಾರಿಕೆ ಪರವಾನಗಿ ತೆಗೆದುಕೊಂಡಿದ್ದೆವು. 16 ತುಂಬದ ಹುಡುಗನಿಗೆ ಅದು ಬೇಕಿರಲಿಲ್ಲ. ಸುಣ್ಣಕಲ್ಲಿನ ತಳ, ಮೊಣಕಾಲು ನೀರು, ಬಿಳಿ ತೊಗಟೆಯ ಸಿಕಮೋರ್ ಮರಗಳ ನೆರಳು. ಮುಂದೆ ಕೆಂಟಕಿ ನದಿಯನ್ನು ಸೇರುವ ಈ ಹೊಳೆ ಸ್ಮಾಲ್‌ಮೌತ್ ಬಾಸ್ ಮೀನಿಗೆ ಹೆಸರುವಾಸಿ. ಅದು ಕಂಚಿನ ಬಣ್ಣದ ಮೈ, ಕೆಂಪು ಕಣ್ಣಿನ ಮೀನು. ಬಂಡೆಯ ಪಕ್ಕ, ಹರಿವು ನಿಧಾನವಾಗುವ ಕಡೆ ಕಾದು ನಿಲ್ಲುತ್ತದೆ. ಎರೆಯನ್ನು ಅಲ್ಲಿಗೇ ಇಳಿಸಬೇಕು, ಒಂದು ಮೊಳ ಆಚೆಯಾದರೂ ವ್ಯರ್ಥ. ಬೈಟ್‌ಕಾಸ್ಟಿಂಗ್ ರೀಲಿನ ನಿಜವಾದ ಗುಣ ತಿಳಿಯುವುದು ಇಲ್ಲೇ: ಹಾರುತ್ತಿರುವ ಎರೆಯನ್ನು ಹೆಬ್ಬೆರಳು ಬೇಕಾದ ಕಡೆ ನಿಲ್ಲಿಸಬಲ್ಲದು.

ಹುಡುಗ ಎಸೆದದ್ದು ಬಂಡೆಯ ಮಗ್ಗುಲಿಗೇ ಬಿತ್ತು. ಕೋಲು ಬಾಗಿತು, ಮೀನು ನೀರಿನಿಂದ ಎರಡು ಸಲ ನೆಗೆಯಿತು. ದಡಕ್ಕೆ ತಂದಾಗ ಒಂದು ಗೇಣಿಗಿಂತ ತುಸು ದೊಡ್ಡದು. ನಾವು ಕರಾವಳಿಯವರು, ಮೀನು ಕಂಡರೆ ಹುಳಿ-ಖಾರ ನೆನಪಾಗುವವರು. ಆದರೆ ಅವನು ಕೈ ಒದ್ದೆ ಮಾಡಿಕೊಂಡ. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಹೋಗುತ್ತದೆ. ಕೊಕ್ಕೆ ಬಿಡಿಸಿ ಅದನ್ನು ನೀರಿನೊಳಗೇ ಹಿಡಿದುಕೊಂಡ. ಬಾಲ ಒಮ್ಮೆ ಬೀಸಿ ಅದು ಹೊರಟುಹೋಯಿತು. ನನಗೆ ಆ ದಿನ ಮೀನು ಸಿಗಲಿಲ್ಲ. ಎಸೆದದ್ದರಲ್ಲಿ ಏಳೆಂಟು ಮಾತ್ರ ನೋಡಿದ ಕಡೆಗೇ ಬಿದ್ದವು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ತೆಗೆದುಕೊಂಡು ಕುಡಿದೆ.

ಊರಿಗೆ ಬಂದವನು ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟೆ. ರೀಲು ಎರಡೂ ಅಲ್ಲೇ ಇವೆ. ಭಾನುವಾರ ಫೋನಿನಲ್ಲಿ ಮೊದಲು ಬರುವುದು ಅಯಸ್ಕಾಂತದ ಅಂಕಿ. “ಅಜ್ಜ, ನಾಲ್ಕಕ್ಕೆ ಬಂದೆ, ಗೂಡಿಲ್ಲ” ಎಂದ ಮೊನ್ನೆ. ನನ್ನದು ಆರರಲ್ಲಿದೆ. ಅದನ್ನು ಹಾಗೇ ಇಡಲು ಹೇಳಿದ್ದೇನೆ.