ತಿಂಡಿ ಬೀದಿಗೆ ನಮ್ಮವರೂ ಬಂದರು

ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ, ಸಜ್ಜನ್ ರಾವ್ ವೃತ್ತದ ಹತ್ತಿರ ಒಂದು ತಿಂಡಿ ಬೀದಿ ಇದೆ. ಅಲ್ಲಿಗೆ ದೀಪ ಹತ್ತಿದ ಮೇಲೆಯೇ ಹೋಗಬೇಕು. ದೋಸೆ, ಪಡ್ಡು, ಅಕ್ಕಿ ರೊಟ್ಟಿ, ಒಬ್ಬಟ್ಟು, ಜಿಲೇಬಿ ಎಲ್ಲವೂ ಕಣ್ಣೆದುರೇ ತಯಾರು. ನಿಂತುಕೊಂಡೇ ತಿನ್ನುವುದು. ಅವರೆಕಾಯಿ ಕಾಲವಾದರಂತೂ ಸೊಗಡಿನ ವಾಸನೆಯೇ ದಾರಿ ತೋರಿಸುತ್ತೆ.

ಕಳೆದ ಸಂಕ್ರಾಂತಿ ಮುಗಿಸಿಕೊಂಡು ಬಸವನಗುಡಿಯ ತಂಗಿ ಮನೆಗೆ ಹೋಗಿದ್ದೆವು. ನಮ್ಮವರಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷ. ಅಂದಿನಿಂದ ಮದುವೆ ಮುಂಜಿಗೂ ಬರೋದು ಬಿಟ್ಟಿದ್ದರು. "ಎಲ್ಲರೂ ನನ್ನ ಎಲೆಯನ್ನೇ ನೋಡ್ತಾರೆ ಕಣೇ" ಅನ್ನೋರು. "ಭಾವ, ನೀವು ಬರದಿದ್ದರೆ ನಾವೂ ಹೋಗಲ್ಲ" ಅಂತ ತಂಗಿ ಹಟ ಹಿಡಿದ ಮೇಲೆ ಚಪ್ಪಲಿ ಮೆಟ್ಟಿದರು.

ಡಾಕ್ಟರು ಹೇಳಿಕೊಟ್ಟ ಒಂದು ಮಾತು ನನಗೆ ನೆನಪಿತ್ತು. ಮೊದಲು ತರಕಾರಿ, ಕಾಳು. ಆಮೇಲೆ ಅಕ್ಕಿ, ಮೈದಾ. ಹೊಟ್ಟೆಗೆ ಮೊದಲು ನಾರು, ಕಾಳು ಬಿದ್ದರೆ ಹಿಂದೆ ಬರುವ ರೊಟ್ಟಿ ನಿಧಾನವಾಗಿ ಕರಗುತ್ತೆ, ರಕ್ತದ ಸಕ್ಕರೆ ಒಮ್ಮೆಲೇ ಏರೋದಿಲ್ಲ. ಅದಕ್ಕೇ ಮೊದಲು ಕಾಂಗ್ರೆಸ್ ಕಡಲೆಕಾಯಿಗೆ ಈರುಳ್ಳಿ, ಟೊಮೇಟೊ, ಕ್ಯಾರೆಟ್ ತುರಿ ಜಾಸ್ತಿ ಹಾಕಿಸಿದೆ. (ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಖಾರ ಹಚ್ಚಿದ ಕಡಲೆಬೀಜ!) ಅದು ಮುಗಿದ ಮೇಲೆ ಅವರೆಕಾಳಿನ ಅಕ್ಕಿ ರೊಟ್ಟಿ, ಒಂದೇ. ಕೊನೆಗೆ ಒಂದು ಒಬ್ಬಟ್ಟನ್ನು ಮೂವರೂ ಹಂಚಿಕೊಂಡೆವು. ಅವರು ತಮ್ಮ ಪಾಲನ್ನು ಎಷ್ಟು ಹೊತ್ತು ತಿಂದರು ಅಂತೀರಿ!

ಹಣ್ಣಿನ ರಸ, ಕಬ್ಬಿನ ಹಾಲು ಮಾತ್ರ ಬೇಡವೇ ಬೇಡ. ಗಟಗಟ ಇಳಿದಷ್ಟೇ ಬೇಗ ರಕ್ತಕ್ಕೆ ಸೇರುತ್ತೆ. ಸಕ್ಕರೆ ಇಲ್ಲದ ಕಾಫಿ ಕೇಳಿ, ಜೊತೆಗೆ ನಾಲ್ಕು ಬಿಸ್ಕತ್ತು ಮುಗಿಸುವವರು ನಮ್ಮ ಬೀದಿಯಲ್ಲೂ ಇದ್ದಾರೆ, ಅವರಿಗೇನು ಹೇಳೋಣ?

ಇನ್ನೊಂದು ವಿಷಯ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೊಗೊಳ್ಳೋರಿಗೆ ಪ್ರಯಾಣದಲ್ಲಿ ಊಟ ತಡವಾದರೆ ಸಕ್ಕರೆ ಇಳಿಯೋದೂ ಉಂಟು. ಬೆವರು, ನಡುಕ ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ 3 ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ನನ್ನ ಕೈಚೀಲದಲ್ಲಿ ಸಕ್ಕರೆ ಪೊಟ್ಟಣ, ನೀರು ಸದಾ ಇರುತ್ತೆ.

ಆಟೋ ಹತ್ತದೆ ಮನೆ ತನಕ ನಡೆದೇ ಬಂದೆವು. ತಿಂದ ಮೇಲಿನ ನಡಿಗೆ ಸಕ್ಕರೆಯನ್ನು ಹಿಡಿತದಲ್ಲಿಡುತ್ತೆ, ಅಲ್ಲದೆ ಆ ಬೀದಿಗಳಲ್ಲಿ ಇನ್ನೂ ಒಳ್ಳೇ ಮರಗಳಿವೆ. ತಿನ್ನಲು ಶುರು ಮಾಡಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದರೆ 164. ಅವರಿಗೆ ಡಾಕ್ಟರು ಹಾಕಿದ ಗೆರೆ 180. ನಮ್ಮವರು ಆ ಮೀಟರನ್ನು ತಂಗಿಗೂ ತೋರಿಸಿದರು, ಅವಳ ಗಂಡನಿಗೂ ತೋರಿಸಿದರು.

ಮಲಗುವ ಮುಂಚೆ ಕೇಳಿದರು: "ಅಣ್ಣನ ಮಗಳ ಮದುವೆ ಯಾವತ್ತೇ? ಅಲ್ಲೂ ಎಲೆಗೆ ಕೋಸಂಬರಿ, ಪಲ್ಯ ಮೊದಲೇ ಬೀಳುತ್ತಲ್ಲ. ಅನ್ನ ಬರೋದರೊಳಗೆ ಅದನ್ನ ಮುಗಿಸಿಬಿಡ್ತೀನಿ. ಬಡಿಸೋರಿಗೆ ಇನ್ನೊಂದು ಸಲ ಹಾಕೋಕೆ ಹೇಳು."